ನಗರಸಭೆ ಚುನಾವಣೆಯಿಂದ ಪಕ್ಷದ ಚಿಹ್ನೆ ತೆಗೆಯಬೇಕಾ?

ಪರ: ಚರಂಡಿಗೆ ಯಾವ ಪಕ್ಷ?

ನಮ್ಮ ವಾರ್ಡಿನ ಸದಸ್ಯೆ ಒಂದು ಉದ್ದನೆಯ ರೂಲು ನೋಟ್‌ಬುಕ್ ಇಟ್ಟುಕೊಂಡಿದ್ದರು. ಅದರಲ್ಲಿ ನಮ್ಮ ಎಂಟು ಬೀದಿಗಳ ಪ್ರತಿ ಕರೆಂಟು ಕಂಬದ ನಂಬರ್ ಇತ್ತು. ಯಾವ ಕಂಬದ ದೀಪ ಯಾವತ್ತು ಹೋಯಿತು, ಇವರು ಯಾವತ್ತು ಹೇಳಿದರು, ಯಾವತ್ತು ಹಾಕಿದರು, ಇಷ್ಟು ಮೂರು ಸಾಲು. ಮನೆಯಲ್ಲಿ ಬ್ಲೌಸ್ ಹೊಲಿದು ಬದುಕುವ ಹೆಂಗಸು ಅವರು. ಹೊಲಿಗೆ ಮಿಷನ್ ಪಕ್ಕ, ಅಳತೆ ಬರೆಯುವ ಪುಸ್ತಕದ ಕೆಳಗೆ ಈ ಪುಸ್ತಕ ಇರುತ್ತಿತ್ತು. ನಗರಸಭೆ ಸದಸ್ಯರ ಕೆಲಸ ಏನು ಅಂತ ಕೇಳಿದರೆ ಸಂವಿಧಾನದ 12ನೇ ಅನುಸೂಚಿಯಲ್ಲಿರುವ 18 ವಿಷಯಗಳನ್ನು ಹೇಳಬಹುದು. ನನಗೆ ಮಾತ್ರ ಮೊದಲು ನೆನಪಾಗುವುದು ಆ ಮೂರು ಸಾಲು.

ನೀರು, ಚರಂಡಿ, ಬೀದಿದೀಪ, ಕಸ, ಖಾತೆ, ಅಂಗಡಿ ಲೈಸೆನ್ಸು, ಸ್ಮಶಾನ. ನಗರಸಭೆ ಅಂದರೆ ಇಷ್ಟೇ, ಮತ್ತು ಇದು ಸಣ್ಣ ವಿಷಯ ಅಲ್ಲವೇ ಅಲ್ಲ. ಬೆಳಿಗ್ಗೆ ಎದ್ದ ಮೇಲೆ ನಲ್ಲಿ ತಿರುಗಿಸಿದಾಗ ಸಿಗುವ ಸರ್ಕಾರ ಇದು. ಇದರಲ್ಲಿ ಯಾವ ಕೆಲಸಕ್ಕೆ ಪಕ್ಷ ಬೇಕು ಹೇಳಿ. ಕೈ ಹಿಡಿದವರ ಮನೆ ಚರಂಡಿ ಒಂದು ಕಡೆಗೆ, ಕಮಲ ಹಿಡಿದವರದು ಇನ್ನೊಂದು ಕಡೆಗೆ, ತೆನೆ ಹೊತ್ತವರದು ಮತ್ತೊಂದು ಕಡೆಗೆ ಹರಿಯುತ್ತದಾ?

ನಮ್ಮ ರಾಜ್ಯದಲ್ಲೇ ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. ಬೇಡ ಅಂತ ಕಾನೂನೇ ಮಾಡಿದ್ದೇವೆ. ಅದೇ ಹಳ್ಳಿ ಬೆಳೆದು, ಜನಸಂಖ್ಯೆ ಹತ್ತು ಸಾವಿರ ದಾಟಿ, ಪಟ್ಟಣ ಪಂಚಾಯಿತಿ ಆಯಿತು ಅನ್ನಿ. ಮುಂದಿನ ಚುನಾವಣೆಯಲ್ಲೇ ಪಕ್ಷದ ಬಾವುಟ ಬಂದು ನಿಲ್ಲುತ್ತದೆ. ಜನ ಅವರೇ, ಬಾವಿ ಅದೇ, ಜಗಳವೂ ಅದೇ. ಬೋರ್ಡು ಬದಲಾದ ಮಾತ್ರಕ್ಕೆ ಊರಿಗೆ ಪಕ್ಷ ಯಾಕೆ ಬೇಕಾಯಿತು? ಈ ಪ್ರಶ್ನೆಗೆ ನನಗೆ ಇವತ್ತಿನವರೆಗೂ ಯಾರೂ ಸರಿಯಾದ ಉತ್ತರ ಕೊಟ್ಟಿಲ್ಲ.

ಈಗ ನಡೆದದ್ದನ್ನು ಹೇಳುತ್ತೇನೆ. ನಮ್ಮ ಬೀದಿ ತಗ್ಗಿನಲ್ಲಿದೆ. ಮೇಲಿನ ಬಡಾವಣೆಯ ಮಳೆನೀರು ಪೂರ್ತಿ ಇಲ್ಲಿಗೇ ಇಳಿಯುತ್ತದೆ. ಮೂಲೆಯಲ್ಲಿರುವ ಮೋರಿ ಮೊಣಕಾಲುದ್ದವೂ ಇಲ್ಲ, ಅರ್ಧ ಮಣ್ಣು ತುಂಬಿದೆ. ಅದನ್ನು ಅಗಲ ಮಾಡಬೇಕು ಅಂತ ಸದಸ್ಯೆ ವರ್ಷಗಟ್ಟಲೆ ಓಡಾಡಿದರು. ಇಂಜಿನಿಯರ್ ಬಂದು ಟೇಪು ಹಿಡಿದರು, ಎಸ್ಟಿಮೇಟ್ ಆಯಿತು. ಎರಡು ಸಲ ಕ್ರಿಯಾ ಯೋಜನೆಗೆ ಸೇರಿ, ಎರಡು ಸಲವೂ ಹೇಳದೆ ಕೇಳದೆ ಬಿಟ್ಟುಹೋಯಿತು. ಕೊನೆಗೆ ಒಂದು ಮೇ ತಿಂಗಳ ಸಾಮಾನ್ಯ ಸಭೆಯ ಅಜೆಂಡಾದಲ್ಲಿ ಬಂತು. ವಿಷಯ ಸಂಖ್ಯೆ 14. ನಾವು ಐದಾರು ಜನ ನಗರಸಭೆ ಕಚೇರಿಯ ಪಡಸಾಲೆಯಲ್ಲಿ ಕಾಯುತ್ತಾ ನಿಂತಿದ್ದೆವು.

ಹನ್ನೊಂದೂವರೆಗೆ ಒಳಗಿನಿಂದ ಧಿಕ್ಕಾರ, ಧಿಕ್ಕಾರ ಅಂತ ಕೂಗು ಕೇಳಿಸಿತು. ಬಾಗಿಲು ತೆರೆದು ಒಂದು ಪಕ್ಷದ ಸದಸ್ಯರೆಲ್ಲ ತೋಳಿಗೆ ಕಪ್ಪುಪಟ್ಟಿ ಕಟ್ಟಿಕೊಂಡು ಹೊರಗೆ ಬಂದರು. ಸಭಾತ್ಯಾಗ. ವಿಷಯ ಬೆಂಗಳೂರಿನದು, ವಿಧಾನಸೌಧದ್ದು, ನಮ್ಮ ಊರಿಗೂ ಅದಕ್ಕೂ ಏನೂ ಸಂಬಂಧ ಇರಲಿಲ್ಲ. ಆ ಸಾಲಿನ ಕೊನೆಯಲ್ಲಿ ನಮ್ಮ ಸದಸ್ಯೆ ಇದ್ದರು. ಕೈಯಲ್ಲಿ ಪ್ಲಾಸ್ಟಿಕ್ ಕವರ್, ಅದರಲ್ಲಿ ನೋಟ್‌ಬುಕ್. ನಮ್ಮ ಮುಖ ನೋಡಲಿಲ್ಲ. ಒಳಗೆ ಸಭೆ ಮುಂದುವರಿಯಿತು. 14ನೇ ವಿಷಯ ಬಂದಾಗ ಮಾತಾಡುವವರು ಯಾರೂ ಇಲ್ಲ. ಮುಂದಿನ ಸಭೆಗೆ ಅಂತ ಬರೆದು 15ಕ್ಕೆ ಹೋದರು. ಮುಂದಿನ ಸಭೆ ಕೋರಂ ಇಲ್ಲದೆ, ಅಂದರೆ ಬೇಕಾದಷ್ಟು ಸದಸ್ಯರು ಬರದೆ, ನಿಂತಿತು.

ಅಷ್ಟರಲ್ಲಿ ಮಳೆ ಹಿಡಿಯಿತು.

ಆ ರಾತ್ರಿ ಹನ್ನೆರಡು ಗಂಟೆಗೆ ನಮ್ಮ ಮನೆಯೊಳಗೆ ಮೋರಿ ನೀರು ಬಂತು. ಅಮ್ಮನಿಗೆ ಎದ್ದು ಓಡಾಡಲು ಆಗುತ್ತಿರಲಿಲ್ಲ. ಅವರ ಮಂಚದ ಕಾಲುಗಳಿಗೆ ಎರಡೆರಡು ಇಟ್ಟಿಗೆ ಕೊಟ್ಟು ಎತ್ತರಿಸಿದೆವು. ಮಗಳು ಸ್ಕೂಲ್ ಬ್ಯಾಗನ್ನು ತಲೆ ಮೇಲೆ ಇಟ್ಟುಕೊಂಡು ನಿಂತಿದ್ದಳು. ಒಂದು ಗಂಟೆ ಹೊತ್ತಿಗೆ ಬಾಗಿಲಲ್ಲಿ ಟಾರ್ಚ್ ಬೆಳಕು ಕಾಣಿಸಿತು. ಸದಸ್ಯೆ ಬಕೆಟ್ ಹಿಡಿದು ಬಂದಿದ್ದರು. ಇಬ್ಬರೂ ಸೇರಿ ನೀರು ಎತ್ತಿ ಹೊರಗೆ ಚೆಲ್ಲಿದೆವು. ಮಾತಿಲ್ಲ. ಬೆಳಗಿನ ಜಾವ ಹೊರಡುವಾಗ ಅಷ್ಟೇ ಅಂದರು, "ಅಕ್ಕಾ, ಅವತ್ತು ನಾನು ಎದ್ದು ಹೋಗಬಾರದಿತ್ತು. ಹೋಗದೇ ಇದ್ದರೆ ಇನ್ನೊಂದು ಸಲ ಟಿಕೆಟ್ ಇಲ್ಲ ಅಂತ ಬೆಳಿಗ್ಗೆನೇ ಫೋನ್ ಬಂದಿತ್ತು."

ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಎಂಟು ಬೀದಿಯ ಕಂಬಗಳ ನಂಬರ್ ಬಾಯಲ್ಲಿ ಇಟ್ಟುಕೊಂಡ ಹೆಂಗಸನ್ನು ಒಂದು ಫೋನು ಎಬ್ಬಿಸಿಕೊಂಡು ಹೋಗುತ್ತದೆ ಅಂದರೆ, ಆ ಫೋನ್ ಮಾಡುವ ಹಕ್ಕು ಕೊಟ್ಟವರು ಯಾರು? ಚಿಹ್ನೆ ಕೊಟ್ಟಿತು. ಅಧ್ಯಕ್ಷರ ಆಯ್ಕೆಯಲ್ಲಂತೂ ಅದಕ್ಕೆ ಕಾನೂನಿನ ಬಲವೇ ಇದೆ. ಸ್ಥಳೀಯ ಸಂಸ್ಥೆಗಳ ಪಕ್ಷಾಂತರ ನಿಷೇಧ ಕಾಯ್ದೆ 1987ರಲ್ಲೇ ಬಂದಿದೆ. ವಿಪ್, ಅಂದರೆ ಹೀಗೇ ಮತ ಹಾಕಿ ಅನ್ನುವ ಪಕ್ಷದ ಆದೇಶ, ಮೀರಿದರೆ ಸದಸ್ಯತ್ವಕ್ಕೇ ಕುತ್ತು. ಒಳ್ಳೆಯ ಅಧ್ಯಕ್ಷೆ ಎದುರು ಪಕ್ಷದಲ್ಲಿದ್ದರೆ ಕೈ ಎತ್ತುವ ಹಾಗೇ ಇಲ್ಲ.

ಇನ್ನು 2018. ಆಗಸ್ಟ್ 31ಕ್ಕೆ ಮತದಾನ, ಸೆಪ್ಟೆಂಬರ್ 3ಕ್ಕೆ ಫಲಿತಾಂಶ. ರಾಜ್ಯದ ನೂರಕ್ಕೂ ಹೆಚ್ಚು ಊರುಗಳಲ್ಲಿ ಸದಸ್ಯರು ಗೆದ್ದು ಹಾರ ಹಾಕಿಸಿಕೊಂಡರು. ಅಧ್ಯಕ್ಷ, ಉಪಾಧ್ಯಕ್ಷರ ಮೀಸಲಾತಿ ಪಟ್ಟಿ ಮಾಡುವುದು ರಾಜ್ಯ ಸರ್ಕಾರ. ಅದು ತಕರಾರಾಯಿತು, ಕೋರ್ಟಿಗೆ ಹೋಯಿತು. ಅಧ್ಯಕ್ಷರು ಕುರ್ಚಿಯಲ್ಲಿ ಕೂತಿದ್ದು 2020ರ ಕೊನೆಗೆ. ಎರಡು ವರ್ಷಕ್ಕೂ ಜಾಸ್ತಿ ದಿನ ಗೆದ್ದವರು ಸುಮ್ನೆ ಮನೆಯಲ್ಲಿದ್ದರು, ಆಡಳಿತಾಧಿಕಾರಿ ಊರು ನಡೆಸಿದರು. ಮೊದಲ 30 ತಿಂಗಳ ಅವಧಿ 2023ರಲ್ಲಿ ಮುಗಿಯಿತು. ಎರಡನೇ ಅವಧಿಯ ಮೀಸಲಾತಿ ಪಟ್ಟಿ ಬಂದಿದ್ದು 2024ರ ಆಗಸ್ಟ್‌ನಲ್ಲಿ. ಈ ಪಟ್ಟಿಗಾಗಿ ಅಷ್ಟೊಂದು ಎಳೆದಾಟ ಯಾಕೆ? ಯಾವ ಊರಿನಲ್ಲಿ ಯಾವ ಮೀಸಲು ಬಂದರೆ ಯಾವ ಪಕ್ಷಕ್ಕೆ ಕುರ್ಚಿ ಅನ್ನುವ ಲೆಕ್ಕಕ್ಕೆ. ಕುರ್ಚಿಗೆ ಪಕ್ಷ ಇಲ್ಲದಿದ್ದರೆ ಆ ಲೆಕ್ಕವೂ ಇಲ್ಲ.

ಎಲ್ಲಕ್ಕಿಂತ ದೊಡ್ಡದು ಶಾಸಕರ ವಿಷಯ. ಶಾಸಕರು, ಸಂಸದರು ನಗರಸಭೆಯಲ್ಲಿ ಕೂರುತ್ತಾರೆ, ಅಧ್ಯಕ್ಷರ ಆಯ್ಕೆಯಲ್ಲಿ ಮತ ಹಾಕುತ್ತಾರೆ. 31 ಅಥವಾ 35 ಜನರ ಸಭೆಯಲ್ಲಿ ಆ ಎರಡು ಮತ ಎಷ್ಟೋ ಸಲ ಊರನ್ನೇ ತಿರುಗಿಸಿಬಿಡುತ್ತದೆ. ಮನೆ ಹಂಚುವ ಆಶ್ರಯ ಸಮಿತಿಗೂ ಶಾಸಕರೇ ಅಧ್ಯಕ್ಷರು. ಸರ್ಕಾರದಿಂದ ನಾಮನಿರ್ದೇಶನ ಆಗಿ ಬರುವವರು ಪುರಸಭೆ ಆಡಳಿತ ಬಲ್ಲವರಾಗಿರಬೇಕು ಅನ್ನುವುದು ಸಂವಿಧಾನದ ಮಾತು. ಬರುವವರು ಪಕ್ಷದ ಕಾರ್ಯಕರ್ತರು. ಹೀಗಿರುವಾಗ ಶಾಸಕರ ಪಕ್ಷದ ವಾರ್ಡಿಗೆ ಕಾಂಕ್ರೀಟ್ ರಸ್ತೆ ಎರಡು ಸಲ ಆಗುತ್ತದೆ, ಬೇರೆ ಪಕ್ಷದ ವಾರ್ಡಿಗೆ ಗುಂಡಿ ಮುಚ್ಚಲು ಜಲ್ಲಿಯೂ ಬರುವುದಿಲ್ಲ. ಚಿಹ್ನೆ ಅನ್ನುವುದು ನಮ್ಮ ಬೀದಿಯ ಹಣೆ ಮೇಲೆ ಬರೆದ ಗುರುತಾಗಿಬಿಟ್ಟಿದೆ.

ಚಿಹ್ನೆ ತೆಗೆದರೂ ಪಕ್ಷ ಹಿಂದಿನ ಬಾಗಿಲಿಂದ ಬರುತ್ತದೆ ಅನ್ನುತ್ತಾರೆ. ಬರಲಿ. ಟಿಕೆಟ್ ಅನ್ನುವುದೇ ಇಲ್ಲದಿದ್ದರೆ, ಟಿಕೆಟ್ ಇಲ್ಲ ಅಂತ ಬೆಳಿಗ್ಗೆ ಫೋನ್ ಮಾಡುವುದು ಹೇಗೆ?

ಅಮ್ಮ ಮರುವರ್ಷ ತೀರಿಕೊಂಡರು, ವಯಸ್ಸಾಗಿತ್ತು. ಆ ಇಟ್ಟಿಗೆಗಳನ್ನು ನಾವಿನ್ನೂ ತೆಗೆದಿಲ್ಲ. ಮೋರಿ ಹಾಗೇ ಇದೆ.

ವಿರೋಧ: ಚಿಹ್ನೆ ಇರಲಿ, ಕೇಳಲು ಒಂದು ಬಾಗಿಲಾದರೂ ಇರುತ್ತದೆ

ಈ ಕಡೆಯಿಂದ ಬರೆಯಿರಿ ಎಂದು ಕೇಳಿದಾಗ ನಾನು ಎರಡು ದಿನ ಯೋಚನೆ ಮಾಡಿದೆ. ಪಕ್ಷಗಳ ಬಗ್ಗೆ ನನಗೂ ಅಂಥ ಪ್ರೀತಿ ಇಲ್ಲ. ಪರವಾಗಿ ಬರೆದ ಆ ತಾಯಿಯ ಮನೆಗೆ ನೀರು ನುಗ್ಗಿದ್ದನ್ನು ಓದಿ ನನಗೂ ಬೇಜಾರಾಯಿತು. ಆದರೂ ಚಿಹ್ನೆ ತೆಗೆಯುವುದೇ ಮದ್ದು ಅನ್ನುವುದನ್ನು ಒಪ್ಪಲು ಮನಸ್ಸು ಬರುತ್ತಿಲ್ಲ. ಒಪ್ಪದಿರಲು ನನಗಿರುವ ಕಾರಣಗಳು ಎರಡೋ ಮೂರೋ, ಅಷ್ಟನ್ನು ಹೇಳುತ್ತೇನೆ.

ಮೊದಲನೆಯದು ದುಡ್ಡು. ಪಕ್ಷ ಇಲ್ಲದೆ ಚುನಾವಣೆಗೆ ನಿಲ್ಲುವವರು ಯಾರು? ಲೇಔಟ್ ಮಾಡುವವರು, ಕಂಟ್ರಾಕ್ಟರು, ಬಡ್ಡಿ ವ್ಯವಹಾರದವರು. ಸ್ವಂತ ಹಣದಿಂದ ಕರಪತ್ರ, ಆಟೋ, ಮೈಕು, ಏಜೆಂಟರ ಊಟ ಎಲ್ಲ ಹೊಂದಿಸಬಲ್ಲವರು. ನಗರಸಭೆ ಸ್ಥಾನಗಳಲ್ಲಿ ಅರ್ಧ ಮಹಿಳೆಯರಿಗೆ ಮೀಸಲು ಇದೆ. ಮನೆಯಲ್ಲಿ ಬಟ್ಟೆ ಹೊಲಿಯುವ ಒಬ್ಬ ಹೆಂಗಸು ಹೇಗೆ ಗೆದ್ದರು ಅಂತ ಯೋಚಿಸಿದ್ದೀರಾ? ಅವರ ಹಿಂದೆ ಒಂದು ಪಕ್ಷ ಇತ್ತು. ಬೂತಿನಲ್ಲಿ ಕೂರುವ ಹುಡುಗರಿದ್ದರು, ಬಾವುಟ ಇತ್ತು, ಓದು ಬರಹ ಬಾರದ ಅಜ್ಜಿಗೂ ಗೊತ್ತಿರುವ ಗುರುತು ಇತ್ತು. ಚಿಹ್ನೆ ತೆಗೆದರೆ ಆ ನೋಟ್‌ಬುಕ್ ಸದಸ್ಯೆಯೇ ಮೊದಲು ಸೋಲುವುದು.

ಎರಡನೆಯದು, ಪಕ್ಷ ಅಂದಕೂಡಲೇ ಕೆಟ್ಟದ್ದು, ಪಕ್ಷ ಇಲ್ಲದಿದ್ದರೆ ಎಲ್ಲರೂ ದೇವರಂಥವರು ಅನ್ನುವ ಹಾಗೆ ಮಾತಾಡುವುದು ಸರಿಯಲ್ಲ. ಪಕ್ಕದ ಕೇರಳ ನೋಡಿ. ಅಲ್ಲಿ ಗ್ರಾಮ ಪಂಚಾಯಿತಿಗೂ ಪಕ್ಷದ ಚಿಹ್ನೆಯಲ್ಲೇ ಚುನಾವಣೆ. ಆದರೂ 1996ರಲ್ಲಿ ಊರಿನ ಯೋಜನೆಯನ್ನು ಜನರೇ ರೂಪಿಸುವ ಜನತಾ ಯೋಜನೆ ಶುರು ಮಾಡಿ, ರಾಜ್ಯದ ಯೋಜನಾ ಹಣದಲ್ಲಿ ಶೇ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳ ಕೈಗೆ ಕೊಟ್ಟರು. ಚಿಹ್ನೆ ಅದಕ್ಕೆ ಅಡ್ಡ ಬರಲಿಲ್ಲ. ನಮ್ಮ ನಗರಸಭೆಯ ಕೈಯಲ್ಲಿ ಕಾಸಿಲ್ಲ, ಪೌರಾಯುಕ್ತರು ಸರ್ಕಾರದ ನೌಕರರು, ದೊಡ್ಡ ನೀರಿನ ಯೋಜನೆ ಮಾಡುವುದು ನೀರು ಸರಬರಾಜು ಮಂಡಳಿ. ಜಗಳ ಮಾಡಬೇಕಾದ್ದು ಅಲ್ಲಿ ಅಲ್ವಾ? ಶಾಸಕರ ಹಿಡಿತದ ಮಾತು ಬಂದಿದೆ. ಅದು ಬೇರೆಯದೇ ವಿಷಯ, ಅದಕ್ಕೆ ಬೇರೆ ಕಾನೂನು ಬೇಕು. ಇಲ್ಲಿ ಅದನ್ನು ಎಳೆಯುವುದಿಲ್ಲ.

ಮೂರನೆಯದು ನನ್ನದೇ ಅನುಭವ. ಒಂದು ಸಲ ನಾನು ಪಕ್ಷೇತರನಿಗೆ ವೋಟು ಹಾಕಿದೆ. ಪಕ್ಷದವರನ್ನು ನೋಡಿ ಸಾಕಾಗಿತ್ತು. ಹುಡುಗ ಚುರುಕಾಗಿದ್ದ, ಮನೆಗೆ ಬಂದು ಕಾಲಿಗೆ ನಮಸ್ಕಾರ ಮಾಡಿ, "ಸಾರ್, ನಾನು ಯಾರ ಹಂಗಿನಲ್ಲೂ ಇಲ್ಲ" ಅಂದ. ಗೆದ್ದ. ಸಭೆಯಲ್ಲಿ ಎರಡೂ ಕಡೆಗೆ ಸಮ ಸಮ ಬಲ ಇತ್ತು. ಅಧ್ಯಕ್ಷರ ಆಯ್ಕೆಗೆ ಒಂದು ವಾರ ಇರುವಾಗ ಹುಡುಗನ ಫೋನ್ ಸ್ವಿಚ್ ಆಫ್. ಆಯ್ಕೆಯ ದಿನ ಬೆಳಿಗ್ಗೆ ಒಂದು ಮಿನಿ ಬಸ್ಸಿನಲ್ಲಿ ಬಂದು ಇಳಿದ, ಕೈ ಎತ್ತಿದ. 30 ತಿಂಗಳು ಆದ ಮೇಲೆ ಎರಡನೇ ಅವಧಿಗೆ ಇನ್ನೊಂದು ಕಡೆಗೆ ಎತ್ತಿದ. ಯಾವ ಪಕ್ಷವನ್ನೂ ಸೇರಲಿಲ್ಲ, ಬೆಂಬಲ ಮಾತ್ರ. ಅವನಿಗೆ ವಿಪ್ ಕೊಡುವವರು ಯಾರೂ ಇಲ್ಲ.

ಇಷ್ಟರ ನಡುವೆ ನಮ್ಮ ಬೀದಿಗೆ ಬರುವ ಪೈಪಿನ ವಾಲ್ವ್ ಕೆಟ್ಟು ನಾಲ್ಕು ತಿಂಗಳು ಟ್ಯಾಂಕರ್ ನೀರೇ ಗತಿಯಾಯಿತು. ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು, ಅರ್ಜಿ ಬರೆಯುವುದು ಗೊತ್ತು. ಅರ್ಜಿ ಹಿಡಿದು ಒಂದು ಪಕ್ಷದ ಕಚೇರಿಗೆ ಹೋದೆ. ಕುರ್ಚಿ ಕೊಟ್ಟು, ಟೀ ತರಿಸಿ, ಅರ್ಜಿಯನ್ನು ಪೂರ್ತಿ ಓದಿದರು. ಓದಿ, "ಅವರು ನಮ್ಮವರಲ್ಲ ಸಾರ್" ಅಂದರು. ಇನ್ನೊಂದು ಪಕ್ಷದ ಕಚೇರಿಯಲ್ಲೂ ಅದೇ ಮಾತು. ಪಕ್ಕದ ವಾರ್ಡಿನವರು ಇದೇ ತೊಂದರೆಗೆ ತಮ್ಮ ಸದಸ್ಯರ ಪಕ್ಷದ ಕಚೇರಿ ಮುಂದೆ ಖಾಲಿ ಕೊಡ ಇಟ್ಟು ಕೂತರು. ಮೂರನೇ ದಿನಕ್ಕೆ ವಾಲ್ವ್ ಬಂತು. ನಾವು ಕೊಡ ಎಲ್ಲಿ ಇಡಬೇಕಿತ್ತು?

ವಿಪ್ ಬಗ್ಗೆ ಒಂದು ಮಾತು ಒಪ್ಪುತ್ತೇನೆ. ಅಧ್ಯಕ್ಷರ ಆಯ್ಕೆಗೆ ಪಕ್ಷ ಹೇಳಿದ ಹಾಗೆ ಕೈ ಎತ್ತಲಿ. ಚರಂಡಿ, ನೀರು, ದೀಪದ ವಿಷಯ ಬಂದಾಗ ಯಾವ ಪಕ್ಷವೂ ಸದಸ್ಯರನ್ನು ಎಬ್ಬಿಸಿಕೊಂಡು ಹೋಗಬಾರದು. ಸಭಾತ್ಯಾಗ ಮಾಡಲೇಬೇಕು ಅಂತಿದ್ದರೆ ಅಜೆಂಡಾ ಮುಗಿಸಿ ಮಾಡಲಿ, 14ನೇ ವಿಷಯ ಆದ ಮೇಲೆ.