ಸತ್ಯಾಂಶ: ಸವೆದ ಮೊಣಕಾಲು ಕೀಹೋಲ್ ಶಸ್ತ್ರಚಿಕಿತ್ಸೆಯಿಂದ ಹೊಸದಾಗುವುದಿಲ್ಲ

‘ಎರಡು ಸಣ್ಣ ರಂಧ್ರ ಮಾಡಿ ಸವೆದ ಮೊಣಕಾಲನ್ನು ಒಳಗಿನಿಂದ ತೊಳೆಸಿದರೆ ಸಾಕು, ಕೀಲು ಬದಲಾವಣೆ ಬೇಡ, ಮರುದಿನವೇ ಮೊದಲಿನಂತೆ ಓಡಾಡಬಹುದು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ವಯಸ್ಸಾದ ತಂದೆತಾಯಿಯ ನೋವು ಕಂಡು ಮರುಗುವವರು ಇದನ್ನು ನಂಬುವುದು ಸಹಜ, ಆದರೆ ಇದು ನಿಜವಲ್ಲ.

ಆರ್ತ್ರೋಸ್ಕೊಪಿ ಎಂಬ ಈ ವಿಧಾನದಲ್ಲಿ ಚಿಕ್ಕ ಗಾಯಗಳ ಮೂಲಕ ಕ್ಯಾಮೆರಾ ಮತ್ತು ಉಪಕರಣಗಳನ್ನು ಒಳಸೇರಿಸಿ, ಕೀಲಿನ ಒಳಭಾಗವನ್ನು ಪರದೆಯ ಮೇಲೆ ನೋಡುತ್ತಾ ಚಿಕಿತ್ಸೆ ನೀಡುತ್ತಾರೆ. ಪೆಟ್ಟಿನಿಂದ ಹರಿದ ಅಸ್ಥಿರಜ್ಜನ್ನು (ಮೂಳೆಗಳನ್ನು ಬಿಗಿದಿಡುವ ಗಟ್ಟಿ ಪಟ್ಟಿ) ಮರುನಿರ್ಮಿಸಲು ಅಥವಾ ಮೆನಿಸ್ಕಸ್ (ಮೊಣಕಾಲಿನ ಮೂಳೆಗಳ ನಡುವಿನ ಮೆತ್ತೆ) ಹರಿದು ಸಿಕ್ಕಿಕೊಂಡ ಮೊಣಕಾಲನ್ನು ಬಿಡಿಸಲು ಇದು ನಿಜಕ್ಕೂ ಉಪಯುಕ್ತ. ಮೂಳೆಗಳ ತುದಿಯನ್ನು ಹೊದ್ದಿರುವ, ಸವೆದ ಮೃದ್ವಸ್ಥಿಯನ್ನು ಮಾತ್ರ ಇದು ಮರಳಿ ಬೆಳೆಸುವುದಿಲ್ಲ. ಅಮೆರಿಕದ ಹ್ಯೂಸ್ಟನ್‌ನಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊಣಕಾಲು ಸವೆದಿದ್ದ 180 ಮಂದಿಯ ಪೈಕಿ ಒಂದು ಗುಂಪಿಗೆ ಹೋಲಿಕೆಗಾಗಿ, ಕೀಲಿಗೆ ಚಿಕಿತ್ಸೆ ನೀಡದೆ ಚರ್ಮದ ಮೇಲೆ ಗಾಯವನ್ನಷ್ಟೇ ಮಾಡಲಾಗಿತ್ತು. ಎರಡು ವರ್ಷಗಳ ಅವಧಿಯಲ್ಲಿ, ನಿಜವಾಗಿ ಕೀಲು ತೊಳೆಸಿಕೊಂಡವರ ನೋವು ಆ ಗುಂಪಿನವರಿಗಿಂತ ಕಡಿಮೆಯಾಗಿರಲಿಲ್ಲ. 2017ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆ ಪ್ರಕಟಿಸಿದ ಮಾರ್ಗಸೂಚಿಯೂ ಸವೆತದಿಂದ ನೋಯುವ ಬಹುತೇಕ ಎಲ್ಲರಿಗೂ ಈ ಶಸ್ತ್ರಚಿಕಿತ್ಸೆ ಬೇಡವೆಂದೇ ದೃಢವಾಗಿ ಹೇಳಿತು.

ಅಗತ್ಯವಿದ್ದು ಮಾಡಿಸಿಕೊಂಡವರು ಹೆಚ್ಚಾಗಿ ಅದೇ ದಿನ ಮನೆಗೆ ಹೋಗುತ್ತಾರೆ, ಆದರೆ ಊತ ಕೆಲವು ವಾರ ಇರಬಹುದು ಮತ್ತು ಫಿಸಿಯೋಥೆರಪಿಯನ್ನು ತಪ್ಪಿಸುವಂತಿಲ್ಲ. ಅಸ್ಥಿರಜ್ಜು ಮರುನಿರ್ಮಾಣವಾದವರು ಆಟದ ಮೈದಾನಕ್ಕೆ ಮರಳಲು ಸಾಮಾನ್ಯವಾಗಿ ಒಂಬತ್ತು ತಿಂಗಳಾದರೂ ಬೇಕು. ಜ್ವರ, ಮೀನಖಂಡದಲ್ಲಿ ನೋವು ಮತ್ತು ಊತ, ಉಸಿರಾಟದ ತೊಂದರೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸವೆತವಿರುವವರಿಗೆ ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ, ತೂಕ ಇಳಿಕೆ ಮತ್ತು ವೈದ್ಯರು ಸೂಚಿಸಿದ ನೋವುನಿವಾರಕಗಳೇ ಮೊದಲ ಚಿಕಿತ್ಸೆ. ಅವುಗಳಿಂದಲೂ ನಡೆಯಲಾಗದಿದ್ದಾಗ ಕೀಲು ಬದಲಾವಣೆಯ ವಿಚಾರವನ್ನು ಮೂಳೆತಜ್ಞರೊಂದಿಗೆ ಚರ್ಚಿಸಬಹುದು.