ಮುಂಗಾರಿಗೆ ಎಂಪ್ಲಾಯಿ ನಂಬರ್ ಇಲ್ಲ

ಶಿವಮೊಗ್ಗದಲ್ಲಿ ಈಗ ಅಂಗಡಿ ಪೂಜೆಗೆ ಗಣಹೋಮವೊಂದೇ ಸಾಲದು. ಗೋಡೆಗೆ ‘ವಿಷನ್’ ಒಂದು, ಅದರ ಕೆಳಗೆ ‘ಮಿಷನ್’ ಒಂದು ತೂಗಬೇಕು. ಗಾಂಧಿ ಬಜಾರ್ ಕಡೆ ಕೊಡೆ, ರೇನ್‌ಕೋಟ್ ಮಾರುವ ಅಂಗಡಿ ಅಂದುಕೊಳ್ಳಿ. ಅಲ್ಲೂ ‘ವಿಶ್ವದರ್ಜೆಯ ಗ್ರಾಹಕ ಅನುಭವ’ ಅಂತ ಬೋರ್ಡು. ಸೋರುವ ಕೊಡೆ ವಾಪಸ್ ಒಯ್ದರೆ ಸಿಗುವ ಅನುಭವ ಮಾತ್ರ ಹಳೇದೇ.

ಯಜಮಾನರ ಅಪ್ಪನಿಗೆ ಇದ್ದ ಕೆಪಿಐ, ಅಂದರೆ ವ್ಯಾಪಾರ ಅಳೆಯೋ ಅಳತೆಗೋಲು ಒಂದೇ, ರಾತ್ರಿ ಗಲ್ಲಾಪೆಟ್ಟಿಗೆ. ಮಗನಿಗೆ ಅದು ಸಾಲಲಿಲ್ಲ. ಬೆಂಗಳೂರಿಂದ ಸಲಹೆಗಾರರನ್ನು ಕರೆಸಿದರು. ಅವರು ‘ಸ್ಮಾರ್ಟ್’ ಗುರಿ ಇಟ್ಟುಕೊಳ್ಳಿ ಅಂದರು. ಇಂಗ್ಲಿಷಿನಲ್ಲಿ ಐದು ಅಕ್ಷರ, ಅಕ್ಷರಕ್ಕೊಂದು ಷರತ್ತು. ಸ್ಪಷ್ಟವಾಗಿರಬೇಕು, ಅಳೆಯೋ ಹಾಗಿರಬೇಕು, ಒಬ್ಬ ಹೊಣೆಗಾರ ಬೇಕು, ಆಗೋ ಮಾತಾಗಿರಬೇಕು, ಗಡುವು ಬೇಕು. 1981ರಲ್ಲಿ ಇದನ್ನು ಬರೆದ ಮ್ಯಾನೇಜ್‌ಮೆಂಟ್ ಸಲಹೆಗಾರ ಜಾರ್ಜ್ ಡೋರನ್, ಪ್ರತಿ ಗುರಿಗೂ ಈ ಐದೂ ಇರಲೇಬೇಕು ಅಂತೇನಿಲ್ಲ ಅಂತಲೂ ಹೇಳಿದ್ದರು. ಐದು ಅಕ್ಷರ ತುಂಗಾ ಸೇತುವೆ ದಾಟಿ ಊರಿಗೆ ಬಂದವು. ಆ ಸಾಲು ಮಾತ್ರ ಭದ್ರಾವತಿಯಲ್ಲೇ ಇಳಿದುಕೊಂಡಿತು.

ಗುರಿ ಏನು ಗೊತ್ತಾ? ತಲೆಗೆ ಎರಡು ಕೊಡೆ. ಒಂದು ತಲೆಗೆ ಎರಡು ಕೊಡೆ ಯಾಕೆ ಅಂತ ಯಾರೂ ಕೇಳಲಿಲ್ಲ. ಸೇಲ್ಸ್ ಹುಡುಗ ಜಾಣ. ಸಂಜೆ ಎರಡು ಕೊಡೆಗೆ ಬಿಲ್ ಮಾಡುತ್ತಾನೆ, ಬೆಳಿಗ್ಗೆ ಒಂದನ್ನು ರಿಟರ್ನ್ ತೋರಿಸುತ್ತಾನೆ. ಗ್ರಾಫು ಆಗುಂಬೆ ಘಾಟಿಯ ಹಾಗೆ ಏರಿತು, ಗೋದಾಮಿನ ಕೊಡೆ ಮಾತ್ರ ಕದಲಲಿಲ್ಲ. ಹುಡುಗನನ್ನು ಬೈಯಬೇಡಿ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕ್ ಗ್ರಾಹಕನಿಗೆ ಎಂಟು ಸೇವೆ ಮಾರಿ ಅಂತ ಒತ್ತಡ ಹಾಕಿತ್ತು. ಸಿಬ್ಬಂದಿ ಗ್ರಾಹಕರಿಗೆ ಗೊತ್ತೇ ಇಲ್ಲದೆ ಲಕ್ಷಗಟ್ಟಲೆ ಖಾತೆ ತೆರೆದರು. 2016ರಲ್ಲಿ 18.5 ಕೋಟಿ ಡಾಲರ್ ದಂಡ ಬಿತ್ತು. ನಮ್ಮವನದ್ದು ಬರೀ ಕೊಡೆ, ಅಲ್ವಾ?

2023ರಲ್ಲಿ ಮಲೆನಾಡಿಗೂ ಮಳೆ ಕೈಕೊಟ್ಟಿತು. ವ್ಯಾಪಾರ ಬಿತ್ತು. ‘ಹೊರಗಿನ ಪರಿಸ್ಥಿತಿ’ ಅಂದರು ಸಲಹೆಗಾರರು. 2024ರ ಜುಲೈನಲ್ಲಿ ಬಿಡದೆ ಸುರಿಯಿತು. ಕೊಡೆ ಖಾಲಿ. ಅದು ‘ನಮ್ಮ ಸ್ಟ್ರಾಟೆಜಿ’ ಅಂತೆ! ಯಜಮಾನರು ಶಾಲು ಹೊದಿಸಿದರು, ಹಾರ ಹಾಕಿದರು, ಫೀಸೂ ಜಾಸ್ತಿ ಮಾಡಿದರು.

ಅದಾದ ಮೇಲೆ ಹೊಸ ಗುರಿ ಬಂತು. ಮಾರಾಟ ಇನ್ನೂ ಕಾಲು ಪಾಲು ಹೆಚ್ಚಬೇಕು. ಹೊಣೆಗಾರರ ಕಾಲಂನಲ್ಲಿ ಸೇಲ್ಸ್ ಹುಡುಗನ ಹೆಸರು. ‘ಸಾರ್, ಅಲ್ಲಿ ಮುಂಗಾರಿನ ಹೆಸರು ಹಾಕಿ’ ಅಂದ. ಆಗಲ್ಲವಂತೆ. ಮುಂಗಾರಿಗೆ ಎಂಪ್ಲಾಯಿ ನಂಬರ್ ಇಲ್ಲವಂತೆ.