ಲಾಂಛನ ಹೆಸರಿಗಲ್ಲ, ಮನುಷ್ಯನಿಗೆ
ಇಂಗ್ಲಿಷ್ ಮನೆತನಗಳ ಲಾಂಛನಗಳ (ಗುರಾಣಿಯ ಮೇಲಿನ ಗುರುತುಗಳ) ಬಗ್ಗೆ ಬಂದ ಲೇಖನ ಚೆನ್ನಾಗಿದೆ. ಆದರೆ 'ಪ್ರತಿಯೊಂದು ಇಂಗ್ಲಿಷ್ ಮನೆತನದ ಹೆಸರಿಗೂ ಒಂದು ಲಾಂಛನ ಇದೆ' ಅನ್ನೋ ಮಾತು ಸರಿಯಲ್ಲ. ಇಂಗ್ಲೆಂಡಿನಲ್ಲಿ ಲಾಂಛನ ಕೊಡುವುದು ಒಬ್ಬ ವ್ಯಕ್ತಿಗೆ. ಆಮೇಲೆ ಅದು ಅವನ ಗಂಡು ಸಂತತಿಯಲ್ಲಿ ಇಳಿದು ಬರುತ್ತದೆ. ಬೇರೆ ಬೇರೆ ಸ್ಮಿತ್‌ಗಳಿಗೆ ಬೇರೆ ಬೇರೆ ಲಾಂಛನಗಳಿವೆ, ಬಹುಪಾಲು ಸ್ಮಿತ್‌ಗಳಿಗೆ ಇಲ್ಲವೇ ಇಲ್ಲ. 'ನಿಮ್ಮ ಮನೆತನದ ಲಾಂಛನ' ಅಂತ ಮಗ್ ಮೇಲೆ ಅಚ್ಚು ಹಾಕಿ ಮಾರುವುದು ಸುಮ್ನೆ ವ್ಯಾಪಾರ ಅಷ್ಟೇ.

ಲಾಂಛನ ಕೊಡುವ ಸಂಸ್ಥೆಯಾದ ಲಂಡನ್ನಿನ ಕಾಲೇಜ್ ಆಫ್ ಆರ್ಮ್ಸ್ ಶುರುವಾಗಿದ್ದು 1484ರಲ್ಲಿ. ಅದಕ್ಕೂ ಮೊದಲೇ ಲಾಂಛನಕ್ಕಾಗಿ ಕೋರ್ಟು ಹತ್ತಿದವರಿದ್ದರು. 1385ರಲ್ಲಿ ರಾಜನ ದಂಡಿನಲ್ಲಿದ್ದ ಸ್ಕ್ರೋಪ್ ಮತ್ತು ಗ್ರೋವ್ನರ್ ಅನ್ನೋ ಇಬ್ಬರು ಯೋಧರದೂ ಒಂದೇ ಗುರುತು: ನೀಲಿ ಗುರಾಣಿ, ಮೇಲೆ ಓರೆಯಾಗಿ ಚಿನ್ನದ ಪಟ್ಟಿ. ಕೇಸು ವರ್ಷಗಟ್ಟಲೆ ಎಳೆಯಿತು. ಕವಿ ಚಾಸರ್ ಕೂಡ ಸಾಕ್ಷಿ ಹೇಳಿದ! ಗೆದ್ದಿದ್ದು ಸ್ಕ್ರೋಪ್. ಗ್ರೋವ್ನರ್ ಕೊನೆಗೆ ಚಿನ್ನದ ಬಣ್ಣದ ಗೋಧಿ ತೆನೆಯ ಕಂತೆಯ ಗುರುತಿಗೆ ತೃಪ್ತಿಪಟ್ಟ.

ಹೆಸರನ್ನೇ ಚಿತ್ರ ಮಾಡುವ ಚೇಷ್ಟೆ ನನಗೆ ಇನ್ನೂ ಜಾಸ್ತಿ ಇಷ್ಟ. ರಾಣಿ ಎರಡನೇ ಎಲಿಜಬೆತ್ ಅವರ ತಾಯಿಯ ತವರು ಬೋಸ್-ಲಯನ್ ಮನೆತನ. ಇಂಗ್ಲಿಷಿನಲ್ಲಿ 'ಬೋ' ಅಂದರೆ ಬಿಲ್ಲು, 'ಲಯನ್' ಅಂದರೆ ಸಿಂಹ; ಆ ಮನೆತನದ ಗುರಾಣಿಯಲ್ಲಿ ಬಿಲ್ಲೂ ಇದೆ, ಸಿಂಹವೂ ಇದೆ. ಲೇಖನದಲ್ಲಿ ಇದನ್ನೂ ಸೇರಿಸಬಹುದಿತ್ತು, ಅಲ್ವಾ?